ಮಗಳಿಗೊಂದು ಪತ್ರ: ಹಿತ್ತಾಳೆ ಹಾಳೆಗೆ ಹೆದರಬೇಡ

ಪ್ರೀತಿಯ ಪುಟ್ಟೀ,

ಮೊದಲ ಮಹಾಯುದ್ಧದ ಮೂರು ರೆಕ್ಕೆಯ ಜರ್ಮನ್ ಯುದ್ಧವಿಮಾನ ಫೋಕರ್ ಡಿಆರ್.1ರ ಪ್ಲಾಸ್ಟಿಕ್ ಮಾದರಿ ಕಿಟ್‌ನ ಡಬ್ಬಿ ತೆರೆದು, ಅದರೊಳಗಿದ್ದ, ಪುಟ್ಟ ಪುಟ್ಟ ಭಾಗಗಳನ್ನು ಕೊರೆದಿರುವ ತೆಳು ಹಿತ್ತಾಳೆ ಹಾಳೆ ನೋಡಿ ಮತ್ತೆ ಮುಚ್ಚಿಟ್ಟೆ ಅಂತ ಬರೆದಿದ್ದೀಯ. ಮೊದಲು ಇದನ್ನು ತಿಳಿದುಕೋ: ಆ ಹಾಳೆಯಲ್ಲಿರುವುದನ್ನೆಲ್ಲ ವಿಮಾನಕ್ಕೆ ಅಂಟಿಸಲೇಬೇಕು ಅಂತ ಯಾವ ಕಟ್ಟುಪಾಡೂ ಇಲ್ಲ. ಯಾವುದು ಬೇಕು, ಯಾವುದು ಬೇಡ ಅಂತ ಚಾಕು ಹಿಡಿಯುವ ಮುಂಚೆಯೇ ತೀರ್ಮಾನಿಸಿಬಿಟ್ಟರೆ ಕೆಲಸವೂ ಕಡಿಮೆಯಾಗುತ್ತದೆ, ಮಾದರಿಯೂ ಚೆನ್ನಾಗಿ ಬರುತ್ತದೆ.

ತೀರ್ಮಾನಕ್ಕೆ ಅಳತೆಯೇ ಆಧಾರ. ನಿಜವಾದ ಡಿಆರ್.1ರ ರೆಕ್ಕೆ ತುದಿಯಿಂದ ತುದಿಗೆ 7.19 ಮೀಟರ್, ಉದ್ದ 5.77 ಮೀಟರ್. 1/72ರಲ್ಲಿ, ಅಂದರೆ ನಿಜದ 72ನೇ ಒಂದು ಭಾಗದಷ್ಟಿರುವ ನಿನ್ನ ಮಾದರಿಯಲ್ಲಿ, ಅದು 100 ಮಿ.ಮೀ. ಅಗಲ, 80 ಮಿ.ಮೀ. ಉದ್ದ. ಇಂಥ ಹಾಳೆಗಳು ಹೆಚ್ಚುಕಡಿಮೆ 0.1 ಮಿ.ಮೀ. ದಪ್ಪ ಇರುತ್ತವೆ, 72ರಿಂದ ಗುಣಿಸಿದರೆ ನಿಜವಾದ ವಿಮಾನದ ಲೆಕ್ಕದಲ್ಲಿ 7 ಮಿ.ಮೀ. ಆಯಿತು. 50 ಮಿ.ಮೀ. ಅಗಲದ ಸೀಟ್ ಬೆಲ್ಟ್ ಇಲ್ಲಿ 0.7 ಮಿ.ಮೀ. ಅಗಲದ ಪಟ್ಟಿ. ಪ್ಲಾಸ್ಟಿಕ್ಕನ್ನು ಅಚ್ಚಿನಲ್ಲಿ ಅಷ್ಟು ತೆಳುವಾಗಿ ಹೊಯ್ಯುವುದು ಕಷ್ಟ. ಹಾಗಾಗಿ ಬೆಲ್ಟುಗಳು, ಮಷೀನ್‌ಗನ್‌ನ ತೂತುತೂತಾದ ಕವಚ, ಗುರಿ ನೋಡುವ ಉಂಗುರ, ಬಾಲದ ಹತ್ತಿರ ನಿಯಂತ್ರಣ ತಂತಿ ಕಟ್ಟುವ ಪುಟ್ಟ ಕೊಂಬುಗಳು, ಇಷ್ಟಕ್ಕೆ ಲೋಹವೇ ಸರಿ.

ದುಂಡಗಿರಬೇಕಾದ ಯಾವುದಕ್ಕೂ ಈ ಹಾಳೆ ಹೊಂದುವುದಿಲ್ಲ. ಚಾಲಕ ಹಿಡಿಯುವ ಕೋಲು, ಲಿವರುಗಳು, ಎಂಜಿನ್ನಿನ ಒಂಬತ್ತು ಸಿಲಿಂಡರುಗಳ ತಳ್ಳುಕಡ್ಡಿಗಳು ಹಾಳೆಯಲ್ಲಿದ್ದರೂ ಅವು ಚಪ್ಪಟೆ. ಪಕ್ಕದಿಂದ ನೋಡಿದರೆ ಮಾಯವೇ ಆಗುತ್ತವೆ. ಕೋಲಿಗೆ ಪ್ಲಾಸ್ಟಿಕ್ ಭಾಗವನ್ನೇ ಉಳಿಸಿಕೋ. ತಳ್ಳುಕಡ್ಡಿಗೆ 0.2 ಮಿ.ಮೀ. ತಾಮ್ರದ ತಂತಿ ಕತ್ತರಿಸಿ ಹಾಕು. ಒಡಲು ಮುಚ್ಚಿದ ಮೇಲೆ ಕಣ್ಣಿಗೇ ಬೀಳದ ಭಾಗಗಳನ್ನೂ ಬಿಟ್ಟುಬಿಡು. ಅದಕ್ಕೆ ಒಂದು ಪರೀಕ್ಷೆ ಇದೆ: ಒಡಲಿನ ಎರಡು ಅರ್ಧಗಳನ್ನು ಟೇಪಿನಿಂದ ಜೋಡಿಸಿ, ಕಾಕ್‌ಪಿಟ್ಟಿನ ಕಿಂಡಿಯೊಳಗೆ ಟಾರ್ಚ್ ಬಿಟ್ಟು ನೋಡು. ಆಗಲೂ ಕಾಣದ್ದಕ್ಕೆ ನಿನ್ನ ಶ್ರಮ ಬೇಡ. ಆಯ್ದ ಭಾಗಗಳಿಗೆ ಸೂಚನಾ ಪತ್ರದಲ್ಲಿ ಗುರುತು ಹಾಕಿಕೋ. ಪ್ಲಾಸ್ಟಿಕ್ಕಿನ ಮೇಲೆ ಕೆತ್ತಿ ತೆಗೆಯಬೇಕಾದ ಜಾಗಗಳನ್ನೂ ಆ ಪತ್ರದಲ್ಲಿ ಬಣ್ಣದಿಂದಲೋ ಅಡ್ಡಗೆರೆಗಳಿಂದಲೋ ತೋರಿಸಿರುತ್ತಾರೆ. ಆ ಕೆತ್ತನೆ ಅಂಟು ತೆರೆಯುವ ಮೊದಲೇ ಮುಗಿಯಲಿ, ಇಲ್ಲದಿದ್ದರೆ ಹಳೆಯ ಉಬ್ಬಿನ ಮೇಲೆ ಹೊಸ ತಗಡು ಕೂತು ಎದ್ದುಕೊಂಡಿರುತ್ತದೆ.

ಸಲಕರಣೆ ಹೆಚ್ಚೇನೂ ಬೇಡ, ಆದರೆ ಸರಿಯಾದದ್ದೇ ಬೇಕು. ಕತ್ತರಿಸಲು ಗಟ್ಟಿ ನೆಲೆ: ನುಣುಪಾದ ಟೈಲ್ಸ್ ತುಂಡು ಸಾಕು. ಹಸಿರು ಕಟಿಂಗ್ ಮ್ಯಾಟ್ ಮೆತ್ತಗಿರುವುದರಿಂದ ಅಲಗು ಒತ್ತಿದ ಕಡೆ ಕುಸಿಯುತ್ತದೆ, ಅದರ ಜೊತೆ ಭಾಗವೂ ಬಾಗುತ್ತದೆ. ಚಾಕುವಿಗೆ 10 ಅಥವಾ 15ನೇ ನಂಬರಿನ ಬಾಗಿದ ಅಲಗು ಹಾಕಿಕೋ. ಚೂಪು ತುದಿಯ ಅಲಗು ಗಟ್ಟಿ ನೆಲೆಯ ಮೇಲೆ ಬಲುಬೇಗ ಮುರಿಯುತ್ತದೆ. ಚಿಮಟ ಎರಡು ಬೇಕು: ಒಂದು ಸೂಜಿ ಮೊನೆಯದು, ಇನ್ನೊಂದು ಅಗಲವಾದ ನುಣುಪು ಬಾಯಿಯದು. ಹಲ್ಲು ಹಲ್ಲಾಗಿರುವ ಚಿಮಟ ಹಿತ್ತಾಳೆಯ ಮೇಲೆ ಕಚ್ಚಿದ ಗುರುತು ಬಿಡುತ್ತದೆ. ಇವಲ್ಲದೆ ಒಂದು ಬದಿ ಮಾತ್ರ ಹರಿತವಿರುವ ಬ್ಲೇಡ್, ಸಣ್ಣ ಅರ, 600ರ ಮರಳು ಕಾಗದ, ತಲೆಗೆ ಕಟ್ಟುವ ಭೂತಗನ್ನಡಿ. ಕತ್ತರಿಸುವಾಗ ಕಣ್ಣಿಗೆ ರಕ್ಷಣೆಯ ಕನ್ನಡಕ ಇರಲೇಬೇಕು.

ಮೊದಲ ದಿನ ನಿಜವಾದ ಭಾಗ ಒಂದನ್ನೂ ಮುಟ್ಟಬೇಡ. ಭಾಗಗಳ ಸುತ್ತ ಚೌಕಟ್ಟಿನಂತೆ ಇರುವ ತಗಡು ಹೇಗಿದ್ದರೂ ವ್ಯರ್ಥವಾಗುವುದು. ಅದರ ಒಂದು ಅಂಚಿನಿಂದ ಸಣ್ಣ ಪಟ್ಟಿಗಳನ್ನು ಕತ್ತರಿಸಿ, ಬಗ್ಗಿಸಿ, ಕಾಯಿಸಿ, ಬೇಡದ ಪ್ಲಾಸ್ಟಿಕ್ ತುಂಡಿಗೆ ಅಂಟಿಸಿ ನೋಡು. ಅದೇ ಲೋಹ, ಅದೇ ದಪ್ಪ. ಕೈಗೆ ಬೇಕಾದ ಹದ ಅಲ್ಲೇ ಗೊತ್ತಾಗುತ್ತದೆ.

ಭಾಗದ ನಂಬರು ಚೌಕಟ್ಟಿನ ಮೇಲೆ ಇರುತ್ತದೆ, ಭಾಗದ ಮೇಲಲ್ಲ. ಹಾಗಾಗಿ ಒಂದನ್ನು ಕತ್ತರಿಸಿ, ಅಂಟಿಸಿ, ಆಮೇಲೆ ಇನ್ನೊಂದಕ್ಕೆ ಹೋಗು. ಹಾಳೆಯ ಕೆಳಗೆ ಅಂಟು ಕಡಿಮೆ ಇರುವ ಮಾಸ್ಕಿಂಗ್ ಟೇಪ್ ಮಗುಚಿ ಹಾಕಿಕೊಂಡರೆ ಕತ್ತರಿಸಿದ ಭಾಗ ಹಾರದೆ ಅಲ್ಲೇ ಕೂರುತ್ತದೆ. ಭಾಗವನ್ನು ಚೌಕಟ್ಟಿಗೆ ಹಿಡಿದಿರುವ ಕೊಂಡಿಯ ಮೇಲೆ, ಭಾಗಕ್ಕೆ ಆದಷ್ಟು ಹತ್ತಿರ ಅಲಗು ಇಟ್ಟು ನೇರ ಕೆಳಕ್ಕೆ ಒತ್ತು. ಗರಗಸದ ಹಾಗೆ ಹಿಂದೆ ಮುಂದೆ ಎಳೆದರೆ ಕೊಂಡಿ ಹರಿಯುವ ಮೊದಲು ಭಾಗ ತಿರುಚುತ್ತದೆ. ಉಳಿದ ಮೊಳೆಯಂಥ ತುಣುಕನ್ನು ಅರದಿಂದ ತೆಗೆಯುವಾಗ, ಅಗಲ ಬಾಯಿಯ ಚಿಮಟದಲ್ಲಿ ಭಾಗವನ್ನೆಲ್ಲ ಹಿಡಿದು ಆ ತುಣುಕು ಮಾತ್ರ ಹೊರಗಿರಲಿ. ಅರ ಅಂಚಿನ ಉದ್ದಕ್ಕೆ ಓಡಬೇಕು. ಅಡ್ಡಕ್ಕೆ ಓಡಿಸಿದರೆ ಹಲ್ಲಿಗೆ ಸಿಕ್ಕಿ ಭಾಗ ಮಡಚಿಕೊಳ್ಳುತ್ತದೆ.

ಚಿಮಟದಿಂದ ಭಾಗ ಚಿಮ್ಮಿ ಹೋಗುವುದು ಬಿಗಿಯಾಗಿ ಒತ್ತುವುದರಿಂದ. ಒತ್ತಡ ಹೆಚ್ಚಾದಾಗ ಮೊನೆಗಳು ಒಂದರ ಮೇಲೊಂದು ಜಾರುತ್ತವೆ. ತೀರಾ ಸಣ್ಣದನ್ನು ಎತ್ತಲು ಕಡ್ಡಿಯ ತುದಿಗೆ ಚೂರು ಜೇನುಮೇಣ ಮೆತ್ತಿದರೆ ಸಾಕು. ಬಿದ್ದರೆ ಅಯಸ್ಕಾಂತದಿಂದ ಹುಡುಕಬೇಡ, ಹಿತ್ತಾಳೆ ಅದಕ್ಕೆ ಅಂಟುವುದಿಲ್ಲ. ಕೋಣೆ ಕತ್ತಲೆ ಮಾಡಿ ಟಾರ್ಚನ್ನು ನೆಲಕ್ಕೆ ತಾಗಿಸಿ ಅಡ್ಡಡ್ಡ ಬೆಳಕು ಹಾಯಿಸು, ಭಾಗಕ್ಕಿಂತ ಅದರ ನೆರಳು ಮೊದಲು ಕಾಣುತ್ತದೆ.

ಇನ್ನು ಬಗ್ಗಿಸುವ ಕೆಲಸ. ಹೆಚ್ಚಿನ ಭಾಗಗಳು ಹಾಳಾಗುವುದು ಇಲ್ಲೇ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಮಡಿಸಬೇಕಾದ ಕಡೆ ಆಮ್ಲದಿಂದ ಕೊರೆದ ತೆಳು ಗೀರು ಇರುತ್ತದೆ. ಸೂಚನಾ ಪತ್ರ ಬೇರೆ ಹೇಳದಿದ್ದರೆ ಆ ಗೀರು ಮಡಿಕೆಯ ಒಳಗೆ ಬರಬೇಕು. ಅಲ್ಲಿ ಲೋಹದ ದಪ್ಪ ಸುಮಾರು ಅರ್ಧಕ್ಕೆ ಇಳಿದಿರುವುದರಿಂದ ಒಮ್ಮೆ ಮಡಿಸಬಹುದು, ಬಿಡಿಸಿ ಮತ್ತೆ ಮಡಿಸಿದರೆ ಮುರಿಯುವುದೇ ಹೆಚ್ಚು. ಗೀರಿನ ಒಂದು ಬದಿಯನ್ನು ಉಕ್ಕಿನ ಸ್ಕೇಲಿನಿಂದ ಒತ್ತಿ ಹಿಡಿ. ಇನ್ನೊಂದು ಬದಿಯ ಕೆಳಗೆ ಬ್ಲೇಡನ್ನು ಪೂರ್ತಿ ಉದ್ದಕ್ಕೂ ತೂರಿಸಿ ಒಂದೇ ಸಲಕ್ಕೆ ಎತ್ತು. ಒಂದು ಮೂಲೆಯಿಂದ ಶುರುಮಾಡಿದರೆ ಮಡಿಕೆ ಓರೆಯಾಗುತ್ತದೆ. ಪೆಟ್ಟಿಗೆಯಂಥ ಭಾಗವಿದ್ದರೆ ಒಳಗಿನ ಸಣ್ಣ ಕಿವಿಗಳನ್ನು ಮೊದಲು ಮಡಿಸಬೇಕು. ಗೋಡೆಗಳು ಎದ್ದ ಮೇಲೆ ಅಲ್ಲಿಗೆ ಬ್ಲೇಡ್ ಹೋಗುವುದಿಲ್ಲ. ಮಡಿಸಿ ಆದ ಮೇಲೆ ಒಳಮೂಲೆಗೆ ತೆಳು ಸೂಪರ್ ಗ್ಲೂ ಸೋಕಿಸಿದರೆ ಗಟ್ಟಿಯಾಗುತ್ತದೆ.

ಬೆಲ್ಟಿಗೂ ಗನ್ ಕವಚಕ್ಕೂ ಲೋಹ ಮೆತ್ತಗಾಗಬೇಕು, ಇಲ್ಲದಿದ್ದರೆ ಬಗ್ಗಿಸಿದ್ದು ಸ್ಪ್ರಿಂಗಿನಂತೆ ವಾಪಸು ಬರುತ್ತದೆ. ಭಾಗವನ್ನು ಚೌಕಟ್ಟಿನ ಚೂರು ಸಮೇತ ಹಳೆಯ ಚಿಮಟದಲ್ಲಿ ಹಿಡಿದು, ಸ್ಪಿರಿಟ್ ದೀಪದ ಜ್ವಾಲೆಯ ಮೇಲೆ ಕೆಲವೇ ಕ್ಷಣ ಹಾಯಿಸು. ಮಬ್ಬು ಬೆಳಕಿನಲ್ಲಿ ನೋಡಿದರೆ ಮಂಕು ಕೆಂಪು ಬಣ್ಣ ಬರುವುದು ಕಾಣುತ್ತದೆ, ಕೂಡಲೇ ತೆಗೆ. ಹೆಚ್ಚು ಹೊತ್ತು ಹಿಡಿದರೆ ಇಷ್ಟು ತೆಳು ತಗಡು ಸುಟ್ಟೇ ಹೋಗುತ್ತದೆ. ಮೇಣದಬತ್ತಿಯೂ ಆಗುತ್ತದೆ, ಆದರೆ ಮಸಿ ಒರೆಸುವ ಕೆಲಸ ಹೆಚ್ಚು. ಮೇಜಿನ ಮೇಲೆ ಅಂಟು, ತಿನ್ನರ್ ಯಾವುದೂ ಇರಬಾರದು. ಮುದ್ರಿತ ಬಣ್ಣದ ಬೆಲ್ಟುಗಳಾದರೆ ಕಾಯಿಸಬೇಡ, ಬಣ್ಣ ಸುಟ್ಟುಹೋಗುತ್ತದೆ. ನೇರವಾಗಿ ಬಿಗಿಯಾಗಿ ನಿಲ್ಲಬೇಕಾದ ಕೊಂಬುಗಳನ್ನೂ ಕಾಯಿಸಬಾರದು.

ಈ ವಿಮಾನದ ಮುಖದಲ್ಲಿ ಎದ್ದು ಕಾಣುವುದು ಎರಡು ಎಲ್‌ಎಂಜಿ 08/15 ಮಷೀನ್‌ಗನ್‌ಗಳು. ಅವುಗಳ ಕವಚ ಹಾಳೆಯಲ್ಲಿ ಚಪ್ಪಟೆಯಾಗಿ ಇರುತ್ತದೆ, ಸುರುಳಿ ಮಾಡುವುದು ನಿನ್ನ ಪಾಲು. ಪ್ಲಾಸ್ಟಿಕ್ ಗನ್‌ನ ನಳಿಗೆಯ ಹೊರವ್ಯಾಸವನ್ನು ಕ್ಯಾಲಿಪರ್‌ನಲ್ಲಿ ಅಳೆದು, ಅದಕ್ಕಿಂತ 0.1 ಅಥವಾ 0.2 ಮಿ.ಮೀ. ಸಣ್ಣ ಡ್ರಿಲ್ ಬಿಟ್ ಆರಿಸಿಕೋ. ಕಾಯಿಸಿ ಮೆತ್ತಗಾದ ಕವಚವನ್ನು ಹಳೆಯ ಮೌಸ್ ಪ್ಯಾಡಿನ ಮೇಲೆ, ಒಳಮೈ ಮೇಲಾಗಿ ಇಡು. ಮೊದಲು ದಪ್ಪನೆಯ ಬಿಟ್ಟಿನ ನುಣುಪು ಹಿಡಿಕೆಯನ್ನು ಅದರ ಮೇಲೆ ಒತ್ತಿ ಉರುಳಿಸು. ತಗಡು ತಾನಾಗಿ ಬಾಗತೊಡಗಿದಾಗ ತೆಳು ಬಿಟ್ಟಿಗೆ ಬದಲಾಯಿಸು. ಶುರುವಿನಲ್ಲೇ ತೆಳು ಬಿಟ್ಟಿಗೆ ಸುತ್ತಿದರೆ ತೂತುಗಳ ಸಾಲಿನಲ್ಲಿ ಮುರಿದು, ದುಂಡಗಿರಬೇಕಾದದ್ದು ಮೂಲೆ ಮೂಲೆಯಾಗುತ್ತದೆ. ಎರಡು ಅಂಚು ಕೂಡುವ ಸಂದು ಗನ್‌ನ ಕೆಳಗೆ ಬರಲಿ. ಕವಚದ ಒಳಗೆ ಅಂಟು ಹಚ್ಚಬೇಡ, ತೂತುಗಳೆಲ್ಲ ಮುಚ್ಚಿಹೋಗುತ್ತವೆ. ಹಿಂದಿನ ತುದಿಗೆ ಮಾತ್ರ ಒಂದು ಹನಿ. ಒಂದು ಕವಚ ಕೆಟ್ಟರೆ ಎರಡು ಗನ್‌ಗಳನ್ನೂ ಪ್ಲಾಸ್ಟಿಕ್ಕಿನದ್ದೇ ಹಾಕು. ಒಂದು ಲೋಹ, ಒಂದು ಪ್ಲಾಸ್ಟಿಕ್ ಆದರೆ ಕಣ್ಣು ಅಲ್ಲಿಗೇ ಹೋಗುತ್ತದೆ.

ಪ್ಲಾಸ್ಟಿಕ್ ಅಂಟು ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುವಂಥದ್ದು, ಲೋಹಕ್ಕೆ ಹಿಡಿಯುವುದಿಲ್ಲ. ಸೂಪರ್ ಗ್ಲೂ ಬೇಕು. ಬಾಟಲಿಯಿಂದ ನೇರ ಹಾಕಿದರೆ ಒಂದು ಹನಿಯಲ್ಲೇ ಕಾಕ್‌ಪಿಟ್ ತುಂಬುತ್ತದೆ. ಟೈಲ್ಸ್ ಮೇಲೆ ಹನಿ ಹಾಕಿಕೊಂಡು, ಕಣ್ಣಿನ ತುದಿ ಕತ್ತರಿಸಿದ ಹೊಲಿಗೆ ಸೂಜಿಯಿಂದ ಎತ್ತು, ಆ ಕವಲಿನಲ್ಲಿ ಬೇಕಾದಷ್ಟೇ ನಿಲ್ಲುತ್ತದೆ. ಭಾಗವನ್ನು ಜಾಗದಲ್ಲಿ ಕೂರಿಸಿ ಅಂಚಿಗೆ ತೆಳು ಅಂಟು ಸೋಕಿಸಿದರೆ ಅದು ತಾನೇ ಒಳಗೆ ಹರಿಯುತ್ತದೆ. ಬೆಲ್ಟಿಗೆ ನನ್ನ ಆಯ್ಕೆ ಮಾತ್ರ ಹೊಳಪಿನ ಅಕ್ರಿಲಿಕ್ ವಾರ್ನಿಷ್. ನಿಧಾನವಾಗಿ ಒಣಗುವುದರಿಂದ ಸರಿಸಿ ಕೂರಿಸಲು ಸಮಯ ಸಿಗುತ್ತದೆ, ಸೀಟಿನ ಬೆಲ್ಟನ್ನು ಯಾರೂ ಎಳೆಯುವುದಿಲ್ಲವಲ್ಲ. ಬೆಲ್ಟು ಸೀಟಿನ ಅಂಚಿನಿಂದ ಜೋತು ಬೀಳುವ ಹಾಗೆ ಹಲ್ಲುಕಡ್ಡಿಯ ಮೇಲೆ ಬಾಗಿಸು. ನೇರವಾಗಿ ಗಾಳಿಯಲ್ಲಿ ನಿಂತ ಬೆಲ್ಟು ತಗಡಿನಂತೆಯೇ ಕಾಣುತ್ತದೆ.

ಸೂಪರ್ ಗ್ಲೂನ ಆವಿ ಗಾಳಿಯ ತೇವದ ಜೊತೆ ಸೇರಿ ಸುತ್ತ ಬಿಳಿ ಪುಡಿಯಾಗಿ ಕೂರುತ್ತದೆ. ಅದಕ್ಕೇ ಮುಂದಿನ ಪಾರದರ್ಶಕ ಗಾಳಿತಡೆಗೆ ಅದು ಬೇಡ, ಬಿಳಿ ಪಿವಿಎ ಅಂಟು ಹಾಕು. ಕಿಟಕಿ ತೆರೆದಿರಲಿ. ಚೆಲ್ಲಿದ ಸೂಪರ್ ಗ್ಲೂವನ್ನು ಹತ್ತಿಯಿಂದ ಒರೆಸಬೇಡ. ಹತ್ತಿಯ ಜೊತೆ ಸೇರಿದರೆ ಸುಡುವಷ್ಟು ಬಿಸಿಯಾಗುತ್ತದೆ. ಬೆರಳು ಅಂಟಿಕೊಂಡರೆ ಎಳೆಯದೆ ಬೆಚ್ಚಗಿನ ಸೋಪಿನ ನೀರಿನಲ್ಲಿಡು. ಅಸಿಟೋನ್ ಈ ಅಂಟನ್ನು ಬಿಡಿಸುತ್ತದೆ, ಆದರೆ ಪ್ಲಾಸ್ಟಿಕ್ಕನ್ನೂ ಕರಗಿಸುತ್ತದೆ. ಮಾದರಿಯ ಹತ್ತಿರ ತರಬೇಡ.

ಬಣ್ಣ ಹಾಕುವುದನ್ನು ಭಾಗಗಳು ಚೌಕಟ್ಟಿನಲ್ಲಿರುವಾಗಲೇ ಮಾಡಬಹುದು, ಕಾಯಿಸುವ ಭಾಗಗಳನ್ನು ಬಿಟ್ಟು. ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದು ಒಣಗಿಸಿ, ಲೋಹದ ಪ್ರೈಮರನ್ನು ತೆಳುವಾಗಿ ಸ್ಪ್ರೇ ಮಾಡು. ಪ್ರೈಮರ್ ಇಲ್ಲದ ಹಿತ್ತಾಳೆಯಿಂದ ಬಣ್ಣ ಉಗುರು ತಾಗಿದರೂ ಎದ್ದು ಬರುತ್ತದೆ. ಅಂಟು ತಾಗುವ ಜಾಗದಲ್ಲಿ ಬಣ್ಣ ಕೆರೆದು ತೆಗೆ, ಇಲ್ಲದಿದ್ದರೆ ನೀನು ಅಂಟಿಸಿದ್ದು ಬಣ್ಣಕ್ಕೆ ಮಾತ್ರ.

ಕ್ರಮದ ವಿಷಯದಲ್ಲಿ ಒಂದೇ ಎಚ್ಚರಿಕೆ. ಗನ್‌ಗಳು ಮೇಲಿನ ರೆಕ್ಕೆಯ ಅಡಿಯಲ್ಲಿ, ಆಸರೆ ಕಡ್ಡಿಗಳ ನಡುವೆ ಬರುತ್ತವೆ. ರೆಕ್ಕೆ ಕೂತ ಮೇಲೆ ಚಿಮಟ ಅಲ್ಲಿಗೆ ತೂರುವುದಿಲ್ಲ. ಹಾಗಾಗಿ ಗನ್ ಮೊದಲು, ಮೇಲಿನ ರೆಕ್ಕೆ ಆಮೇಲೆ. ಗುರಿ ಉಂಗುರ ಮತ್ತು ಕೊಂಬುಗಳು ಡಿಕಾಲ್ (ಮಾದರಿಗೆ ಅಂಟಿಸುವ ಗುರುತಿನ ಚಿತ್ರಗಳು), ವಾರ್ನಿಷ್ ಎಲ್ಲ ಮುಗಿದ ಮೇಲೆ, ಕಟ್ಟಕಡೆಗೆ. ರೆಕ್ಕೆಯಲ್ಲಿ ಕೊಂಬು ಬೇಕಾಗುವುದು ಮೇಲಿನದಕ್ಕೆ ಮಾತ್ರ, ಈ ವಿಮಾನದ ಏಲೆರಾನ್, ಅಂದರೆ ವಿಮಾನವನ್ನು ಪಕ್ಕಕ್ಕೆ ವಾಲಿಸಲು ರೆಕ್ಕೆಯ ಹಿಂದಂಚಿನಲ್ಲಿರುವ ಆಡುವ ಹಲಗೆ, ಇರುವುದು ಅಲ್ಲಿ ಮಾತ್ರ. ಕೊಂಬನ್ನು ಮೇಲ್ಮೈಗೆ ಸುಮ್ಮನೆ ಅಂಟಿಸಿದರೆ ಬೆರಳು ಸೋಕಿದರೂ ಉದುರುತ್ತದೆ, ಸೂಪರ್ ಗ್ಲೂ ಪಕ್ಕದ ಪೆಟ್ಟು ತಡೆಯುವುದಿಲ್ಲ. ಚಾಕುವಿನ ಮೊನೆಯಿಂದ ಸಣ್ಣ ಸೀಳು ಮಾಡಿ ಅದರೊಳಗೆ ನೆಡು.

ತಂತಿ ಕಟ್ಟುವ ಕೆಲಸ ಮೂರು ರೆಕ್ಕೆಯ ಈ ವಿಮಾನದಲ್ಲಿ ತೀರಾ ಕಡಿಮೆ, ಒಳಗಿನ ಗಟ್ಟಿ ತೊಲೆಗಳೇ ರೆಕ್ಕೆಗಳನ್ನು ಹೊರುತ್ತವೆ. ಚಕ್ರದ ಕಾಲುಗಳ ನಡುವಿನ ಅಡ್ಡತಂತಿಗೂ ಬಾಲದ ನಿಯಂತ್ರಣ ತಂತಿಗೂ ಹಿಗ್ಗುವ ತೆಳು ದಾರ ಸಾಕು. ಲೋಹದ ಭಾಗಗಳ ಅಭ್ಯಾಸಕ್ಕೆ ಇದು ಒಳ್ಳೆಯ ಆಯ್ಕೆ ಅಂತ ನಾನು ಹೇಳಿದ್ದು ಅದಕ್ಕೇ.

ಕವಚ ಸುರುಳಿ ಮಾಡುವ ಮುಂಚೆ ಗನ್ ನಳಿಗೆಯ ವ್ಯಾಸ ಅಳೆದು ಬರೆ. ಹೊಂದುವ ಡ್ರಿಲ್ ಬಿಟ್ ನನ್ನ ಪೆಟ್ಟಿಗೆಯಲ್ಲಿದ್ದರೆ ಕಳಿಸಿಕೊಡುತ್ತೇನೆ.

ನಿನ್ನ
ಅಪ್ಪ