‘ನಾನೇ ಕೊಟ್ಟೆನಲ್ಲವೇ’ ಎಂದು ಕೇಳಿದ ಸೊಸೆಗೆ

ಬಸವನಗುಡಿ, ಬೆಂಗಳೂರು

ಚಿ. ಸೌ. ಸುಮಾಳಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ಮಗುವಿಗೆ ವಿಸ್ಕಾಟ್-ಆಲ್ಡ್ರಿಚ್ ಕಾಯಿಲೆಯಿದೆ ಎಂಬ ರಿಪೋರ್ಟು, ನಿನ್ನ ರಕ್ತಪರೀಕ್ಷೆ, ಡಾಕ್ಟರು ಹೇಳಿದ್ದು ಎಲ್ಲವೂ ನಿನ್ನ ಅಮ್ಮನಿಂದ ತಿಳಿದಿದೆ. ಅದನ್ನು ಮತ್ತೆ ಬರೆಯುವುದಿಲ್ಲ. ಪತ್ರದ ಕೊನೆಯಲ್ಲಿ, ಹೆಸರು ಹಾಕುವ ಮೊದಲು, ‘ಮಾವ, ಇದನ್ನು ಅವನಿಗೆ ನಾನೇ ಕೊಟ್ಟೆನಲ್ಲವೇ?’ ಎಂದು ಕೇಳಿದ್ದೀಯ. ಆ ಸಾಲು ಓದಿದ ಮೇಲೆ ಎರಡು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಮೂವತ್ತಮೂರು ವರ್ಷ ಪ್ರಾಣಿಶಾಸ್ತ್ರ ಕಲಿಸಿದವನಲ್ಲವೇ, ಉತ್ತರ ಬರೆಯಬಲ್ಲೆ ಎಂದು ಕುಳಿತು, ಮೊದಲ ಎರಡು ಕಾಗದಗಳನ್ನು ಹರಿದು ಹಾಕಿದೆ.

‘ಬಿಳಿ ರಕ್ತಕಣಗಳು ಇವೆ ಅಂತಾರೆ, ಇದ್ದೂ ಏಕೆ ಹೋರಾಡುವುದಿಲ್ಲ’ ಎಂದೂ ಕೇಳಿದ್ದೀಯ. ಅದನ್ನು ಮೊದಲು ಹೇಳುತ್ತೇನೆ, ಏಕೆಂದರೆ ನಿನ್ನ ಭಯಕ್ಕೆ ನಾನು ಹೇಳಬಹುದಾದದ್ದೂ ಅದರ ಬೆನ್ನಿಗೇ ಬರುತ್ತದೆ.

ರೋಗಾಣುವಿನ ಚೂರನ್ನು, ಅಂದರೆ ಪ್ರತಿಜನಕವನ್ನು, ಇನ್ನೊಂದು ಜೀವಕೋಶ ತನ್ನ ಮೈಮೇಲೆ ಹಿಡಿದು ತೋರಿಸುತ್ತದೆ. ಅದನ್ನು ನೋಡಬೇಕಾದ ಬಿಳಿ ರಕ್ತಕಣಕ್ಕೆ, ಅಂದರೆ ಟಿ ಕಣಕ್ಕೆ, ಕಣ್ಣಿಲ್ಲ. ಮೈಗೆ ಮೈ ತಾಗಿಸಿಯೇ ಅದು ಗುರುತು ಹಿಡಿಯಬೇಕು. ಗುರುತು ಸಿಕ್ಕಿದೊಡನೆ ದುಂಡಗಿದ್ದ ಕಣ, ಕಾವಲಿಯ ಮೇಲೆ ತಟ್ಟಿದ ಅಕ್ಕಿ ರೊಟ್ಟಿಯ ಹಿಟ್ಟಿನಂತೆ, ಎದುರಿನ ಕೋಶದ ಮೇಲೆ ಅಗಲವಾಗುತ್ತದೆ. ಹಾಗೆ ಅಗಲಿಸುವುದು ಒಳಗಿರುವ ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳು. ಒಂದೊಂದರ ದಪ್ಪ ಸುಮಾರು 7 ನ್ಯಾನೋಮೀಟರ್. ಜೀವಕೋಶದ ಅಸ್ಥಿಪಂಜರ ಎಂದು ಇವನ್ನು ಕರೆದರೂ ಇವು ನಮ್ಮ ಮೂಳೆಗಳಂತೆ ಒಂದೇ ಕಡೆ ನಿಂತವಲ್ಲ. ಮದುವೆಯ ಚಪ್ಪರದ ಗಳುಗಳಂತೆ ಬೇಕಾದಲ್ಲಿ ಕಟ್ಟಿ, ಕೆಲಸ ಮುಗಿದಾಗ ಬಿಚ್ಚಿ, ಅವನ್ನೇ ಇನ್ನೊಂದೆಡೆ ನಿಲ್ಲಿಸುವಂಥವು. ಅಂಚಿನಲ್ಲಿ ಹೊಸ ಎಳೆಗಳು ಪೊರೆಯನ್ನು ಹೊರಕ್ಕೆ ತಳ್ಳುತ್ತಿರುವಾಗ ಹಳೆಯವು ನಡುವಿನ ಕಡೆಗೆ ಹರಿಯುತ್ತವೆ, ಆ ಹರಿವು ಪ್ರತಿಜನಕವನ್ನು ಹಿಡಿದ ಗ್ರಾಹಕಗಳನ್ನು, ಅಂದರೆ ಟಿ ಕಣದ ಮೈಮೇಲಿನ ಗುರುತು ಹಿಡಿಯುವ ಅಣುಗಳನ್ನು, ಗುಂಪುಗುಂಪಾಗಿ ಮಧ್ಯಕ್ಕೆ ಹೊತ್ತು ತರುತ್ತದೆ. ಆ ಗುಂಪುಗಳಿಂದಲೇ ಕಣದ ಒಳಕ್ಕೆ ಸುದ್ದಿ ಹೋಗುತ್ತದೆ. ಕೆಲವೇ ನಿಮಿಷಗಳಲ್ಲಿ ಕೋಶದೊಳಗಿನ ಸಣ್ಣ ಕೊಳವೆಗಳು ಹೊರಡುವ ಕೇಂದ್ರವಾದ ಸೆಂಟ್ರೋಸೋಮ್ ಕೂಡ ತಾಗಿದ ಜಾಗದ ಕಡೆಗೆ ಸರಿಯುತ್ತದೆ. ಕೊಲ್ಲುವ ಕಣವಾದರೆ ಅದರ ವಿಷದ ಚೀಲಗಳು ಆ ಕೊಳವೆಗಳಾದ ಮೈಕ್ರೋಟ್ಯೂಬ್ಯೂಲ್‌ಗಳ ದಾರಿ ಹಿಡಿದು ಅಲ್ಲಿಗೇ ಬರುತ್ತವೆ. ಪ್ರತಿಕಾಯ ತಯಾರಿಸುವ ಬಿಳಿ ರಕ್ತಕಣವಾದ ಬಿ ಕಣವಂತೂ ಆಕ್ಟಿನ್ ಎಳೆಗಳ ಬಲದಿಂದ ಪ್ರತಿಜನಕವನ್ನು ಎದುರಿನ ಪೊರೆಯಿಂದ ಕಿತ್ತು ಒಳಗೆಳೆದುಕೊಳ್ಳುತ್ತದೆ. (ಪೊರೆಯ ಕೆಳಗಿನ ಆಕ್ಟಿನ್ ಮೇಲಿನ ಅಣುಗಳನ್ನು ಹೇಗೆ ಒಟ್ಟುಗೂಡಿಸುತ್ತದೆ ಎಂಬುದನ್ನು ನಮ್ಮ ಊರಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯಾದ ಎನ್‌ಸಿಬಿಎಸ್‌ನಲ್ಲಿ ಸತ್ಯಜಿತ್ ಮೇಯರ್ ಮತ್ತು ಮದನ್ ರಾವ್ ಅವರ ತಂಡ ತೋರಿಸಿದೆ. ನಮ್ಮ ಮನೆಯಿಂದ ಒಂದು ಬಸ್ಸಿನ ದೂರದಲ್ಲಿ ಇಷ್ಟು ನಡೆದಿದೆಯೆಂದು ನನಗೆ ತಿಳಿದದ್ದು ನಿನ್ನ ಪತ್ರ ಬಂದ ಮೇಲೆ ಹುಡುಕಿ ಓದಿದಾಗ.)

ಚಪ್ಪರ ಏಳಬೇಕಾದರೆ ಇಲ್ಲಿ ಕಟ್ಟಿ ಎಂದು ಹೇಳುವವರು ಬೇಕು. ಗ್ರಾಹಕದಿಂದ ಸುದ್ದಿ ಬಂದಾಗ ‘ವಾಸ್ಪ್’ ಎಂಬ ಪ್ರೋಟೀನು ಮಡಿಕೆ ಬಿಚ್ಚಿಕೊಂಡು ಆರ್ಪ್ 2/3 ಎಂಬ ಅಣುಕೂಟವನ್ನು ಎಬ್ಬಿಸುತ್ತದೆ. ಅದು ಹಳೆಯ ಎಳೆಯ ಪಕ್ಕದಿಂದ ಸುಮಾರು 70 ಡಿಗ್ರಿ ಕೋನದಲ್ಲಿ ಹೊಸ ಕವಲನ್ನು ಹೊರಡಿಸುತ್ತದೆ. ನಮ್ಮ ಮಗುವಿನಲ್ಲಿ ಕೆಟ್ಟಿರುವುದು ಈ ಒಂದು ಪ್ರೋಟೀನು. ಅವನ ಕಣಗಳು ಬರುತ್ತವೆ, ಗುರುತನ್ನೂ ಹಿಡಿಯುತ್ತವೆ, ಆದರೆ ಎದುರಿನ ಕೋಶವನ್ನು ಒತ್ತಿ ಹಿಡಿದು ನಿಲ್ಲಲಾರವು. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳು ಸಣ್ಣವಾಗಿ, ಕಡಿಮೆಯಾಗಿರುವುದಕ್ಕೂ ಮೂಲ ಇದೇ.

ಈ ಪ್ರೋಟೀನಿನ ಜೀನ್ ಇರುವುದು ಎಕ್ಸ್ ವರ್ಣತಂತುವಿನ ಮೇಲೆ. ಗಂಡುಮಗುವಿಗೆ ಇರುವುದು ಒಂದೇ ಎಕ್ಸ್, ಅದು ತಾಯಿಯಿಂದ ಬಂದದ್ದು. ಹೌದು ಸುಮಾ, ಅದು ನಿನ್ನಿಂದ ಅವನಿಗೆ ಹೋಯಿತು. ಸುಳ್ಳು ಹೇಳಿ ಸಮಾಧಾನಪಡಿಸಿದರೆ ನೀನು ನಂಬುವವಳೂ ಅಲ್ಲ. ಆದರೆ ‘ಹೋಯಿತು’ ಎಂದು ಬರೆಯುತ್ತೇನೆ, ‘ಕೊಟ್ಟೆ’ ಎಂದು ಬರೆಯಲು ನನ್ನ ಕೈ ಏಳುವುದಿಲ್ಲ. ಕೊಡುವವರಿಗೆ ಕೈಯಲ್ಲಿ ಏನಿದೆಯೆಂದು ತಿಳಿದಿರಬೇಕು. ಹೆಣ್ಣಿನ ಪ್ರತಿಯೊಂದು ಜೀವಕೋಶವೂ ತನ್ನ ಎರಡು ಎಕ್ಸ್‌ಗಳಲ್ಲಿ ಒಂದನ್ನು ಮುಚ್ಚಿಡುತ್ತದೆ. ಈ ಕಾಯಿಲೆಯ ವಾಹಕಿಯರಲ್ಲಿ, ಅಂದರೆ ಒಂದು ಎಕ್ಸ್‌ನಲ್ಲಿ ಮಾತ್ರ ಕೆಟ್ಟ ಜೀನ್ ಇರುವ ಹೆಂಗಸರಲ್ಲಿ, ಸಾಮಾನ್ಯವಾಗಿ ಒಳ್ಳೆಯ ಎಕ್ಸ್ ಉಳಿಸಿಕೊಂಡ ರಕ್ತಕಣಗಳೇ ಬೆಳೆದು ತುಂಬಿಕೊಳ್ಳುತ್ತವೆ. ಹಾಗಾಗಿಯೇ ನಿನಗೆ ಚಿಕ್ಕಂದಿನಿಂದ ಒಂದು ದಿನವೂ ಸುಮ್ಮನೆ ಮೂಗಿನಲ್ಲಿ ರಕ್ತ ಸುರಿದದ್ದಿಲ್ಲ. ನಿನ್ನ ಮೈಯೇ ನಿನಗೆ ಹೇಳದ್ದನ್ನು ನೀನು ಹೇಗೆ ತಿಳಿಯಬೇಕಿತ್ತು? ಬಸುರಿನಲ್ಲಿ ಗ್ರಹಣದ ಹೊತ್ತು ಹೊರಗೆ ಬಂದದ್ದರಿಂದ ಹೀಗಾಯಿತು ಎಂದು ಯಾರೋ ಅಂದರಂತೆ. ದಯವಿಟ್ಟು ಆ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ.

ತಿಳಿಯಬೇಕಾಗಿದ್ದವನು ನಾನು. ನಿನಗೆ ಚಿಕ್ಕಮಾವನಾಗಬೇಕಿದ್ದ ನನ್ನ ತಮ್ಮ 1959ರಲ್ಲಿ, ಮೂರು ವರ್ಷ ತುಂಬುವ ಮೊದಲೇ ಹೋದ. ಮೊಣಕೈ ಮಡಿಕೆಯಲ್ಲಿ ಮಾಯದ ಇಸುಬು, ಸದಾ ಸೋರುವ ಕಿವಿ, ಎತ್ತಿಕೊಂಡರೂ ಮೂಡುವ ನೀಲಿ ಗುರುತುಗಳು. ಅಮ್ಮ ಬೇವಿನ ಎಲೆ ಅರೆದು ಹಚ್ಚುತ್ತಿದ್ದಳು. ಅವನದು ಇದೇ ಕಾಯಿಲೆಯೆಂದು ಈಗ ಪರೀಕ್ಷಿಸಿ ಹೇಳಲಾಗದು, ಆದರೆ ನನ್ನ ಮನಸ್ಸಿನಲ್ಲಿ ಸಂಶಯ ಉಳಿದಿಲ್ಲ. ‘ನನ್ನ ಹಾಲೇ ಅವನಿಗೆ ಆಗಿಬರಲಿಲ್ಲ’ ಎಂದು ಅಮ್ಮ ಕೊನೆಯವರೆಗೂ ಅನ್ನುತ್ತಿದ್ದಳು. ನಿನ್ನ ಸಾಲು ಓದಿದಾಗ ನನಗೆ ಕೇಳಿಸಿದ್ದು ಆ ದನಿ.

ಜರ್ಮನಿಯ ವೈದ್ಯ ವಿಸ್ಕಾಟ್ ಮೂವರು ಅಣ್ಣತಮ್ಮಂದಿರಲ್ಲಿ ಈ ಕಾಯಿಲೆ ಕಂಡು ಬರೆದದ್ದು 1937ರಲ್ಲಿ. ಅದು ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಇಳಿದು ಬರುತ್ತದೆಂದು ಅಮೆರಿಕದ ಆಲ್ಡ್ರಿಚ್ ತೋರಿಸಿದ್ದು 1954ರಲ್ಲಿ, ನನ್ನ ತಮ್ಮ ಹುಟ್ಟುವ ಮೊದಲೇ. ಜೀನ್ ಸಿಕ್ಕ 1994ರಲ್ಲಿ ನಾನು ಪಾಠ ಮಾಡುತ್ತಿದ್ದೆ. ಪ್ರತಿ ವರ್ಷ ವಿಕ್ಟೋರಿಯಾ ರಾಣಿಯ ಮನೆತನದ ಹಿಮೋಫಿಲಿಯಾವನ್ನು, ಅಂದರೆ ರಕ್ತ ಹೆಪ್ಪುಗಟ್ಟದ ಕಾಯಿಲೆಯನ್ನು, ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ ಹಾಕಿ ಹಲಗೆಯ ಮೇಲೆ ಬಿಡಿಸಿದೆ, ನಮ್ಮ ಮನೆಯದನ್ನು ಒಮ್ಮೆಯೂ ಬಿಡಿಸಲಿಲ್ಲ. ನಿನ್ನ ಮದುವೆಯ ಮಾತುಕತೆಯಲ್ಲಿ ಪಕ್ಕದಲ್ಲೇ ಕುಳಿತಿದ್ದೆ. ಸತ್ತ ಮಗುವಿನ ಮಾತು ಶುಭಕಾರ್ಯದಲ್ಲಿ ಬೇಡವೆಂದು ಸುಮ್ಮನಾದೆ. ಯಾರಿಂದ ಎಂದು ಕೇಳಲೇಬೇಕಿದ್ದರೆ ನನ್ನನ್ನು ಕೇಳು.

ಬುದ್ಧಿ ಹೇಳುವ ಅರ್ಹತೆ ನನಗಿಲ್ಲ, ಆದರೂ ಎರಡು ಮಾತು. ಜ್ವರಕ್ಕೋ ನೋವಿಗೋ ಅಂಗಡಿಯಿಂದ ತಂದ ಆಸ್ಪಿರಿನ್ ಅಥವಾ ಐಬುಪ್ರೊಫೆನ್ ಕೊಡಬೇಡ, ಅವು ಪ್ಲೇಟ್‌ಲೆಟ್‌ಗಳ ಕೆಲಸಕ್ಕೆ ಅಡ್ಡ ಬರುತ್ತವೆ. ಯಾವುದೇ ಲಸಿಕೆಗೆ ಮೊದಲು ಡಾಕ್ಟರನ್ನು ಕೇಳು. ಇದು ನಿನಗೆ ಈಗಾಗಲೇ ಹೇಳಿರಬಹುದು. ಮಜ್ಜೆಯ ಕಸಿಯ ಮಾತು ಬಂದರೆ ಹೆದರಿ ಎದ್ದು ಬರಬೇಡ: ಈ ಕಾಯಿಲೆಗೆ ಅದನ್ನು ಮೊದಲು ಪ್ರಯತ್ನಿಸಿದ್ದು 1968ರಲ್ಲಿ, ಟಿ ಕಣ, ಬಿ ಕಣ, ಪ್ಲೇಟ್‌ಲೆಟ್ ಮೂರೂ ಮಜ್ಜೆಯಿಂದಲೇ ಹುಟ್ಟುವುದರಿಂದ ಹೊಸ ಮಜ್ಜೆ ಹಿಡಿದರೆ ಮೂರೂ ಸರಿಹೋಗುವ ದಾರಿಯಿದೆ. ಆಸ್ಪತ್ರೆಗೆ ಬಂದಾಗ ನಮ್ಮಲ್ಲೇ ಇಳಿದುಕೊಳ್ಳಿ, ಮುಂದಿನ ಕೋಣೆ ಖಾಲಿ ಮಾಡಿಸಿದ್ದೇನೆ. ಮತ್ತೆ, ನಿನ್ನ ತಂಗಿಗೆ ಹೇಳು. ಅವಳೂ ವಾಹಕಿಯಾಗಿರುವ ಸಾಧ್ಯತೆ ಅರ್ಧಕ್ಕರ್ಧ. ನಿನ್ನಿಂದ ಆಗದಿದ್ದರೆ ನಾನೇ ಹೇಳುತ್ತೇನೆ, ಈ ಸಲ ಸುಮ್ಮನಿರುವುದಿಲ್ಲ.

ನಮ್ಮ ಮನೆಯ ವಂಶಾವಳಿಯನ್ನು ಇದರೊಂದಿಗೆ ಇಟ್ಟಿದ್ದೇನೆ, ಡಾಕ್ಟರಿಗೆ ತೋರಿಸು. ತಮ್ಮನ ಚೌಕಕ್ಕೂ ಮಗುವಿನ ಚೌಕಕ್ಕೂ ಮಸಿ ತುಂಬಿದ್ದೇನೆ. ನಿನ್ನ ವೃತ್ತದೊಳಗೆ ವಾಹಕಿಯ ಗುರುತಾಗಿ ಒಂದು ಚುಕ್ಕೆಯಿದೆ. ನಿನ್ನ ಅಮ್ಮನ ವೃತ್ತದಲ್ಲೂ, ಅದರ ಮೇಲೆ ನಿನ್ನ ಅಜ್ಜಿಯ ವೃತ್ತದಲ್ಲೂ ಅದೇ ಚುಕ್ಕೆಯಿದೆ. ಅವರಿಬ್ಬರ ಮೇಲೆ ನಿನಗೆ ಎಂದಾದರೂ ಕೋಪ ಬಂದಿತೇ ಎಂದು ನೋಡಿಕೊಂಡು ನನಗೆ ಬರೆ.

ಇತಿ,
ನಿನ್ನ ಮಾವ