ಹಾಲಿಲ್ಲದ ಚಹಾ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ನಾನು ಕೊಟ್ಟ ನೀಲಗಿರಿ ಚಹಾ ಬರೀ ಒಗರಾಗಿತ್ತೆಂದು ಬರೆದಿದ್ದೀಯ. ಎಲೆಯನ್ನು ಹತ್ತು ನಿಮಿಷ ಕುದಿಸಿದ ಸಂಗತಿಯನ್ನೂ ನೀನೇ ತಿಳಿಸಿದ್ದೀಯ. ಒಗರಿನ ಮೂಲ ಅಲ್ಲಿದೆ.

ಟೀಪುಡಿಯನ್ನು ಹಾಲು ಸಕ್ಕರೆಯೊಡನೆ ಕುದಿಸುವುದು ನಮ್ಮ ಮನೆಗಳ ರೂಢಿ. ಆ ಪುಡಿ ಬಹುಮಟ್ಟಿಗೆ ಸಿಟಿಸಿ, ಅಂದರೆ 1930ರ ದಶಕದಲ್ಲಿ ಅಸ್ಸಾಮಿನಲ್ಲಿ ಬಳಕೆಗೆ ಬಂದ ಯಂತ್ರಗಳು ಹಲ್ಲುಳ್ಳ ಉರುಳೆಗಳ ನಡುವೆ ಎಲೆಯನ್ನು ಜಜ್ಜಿ, ಹರಿದು, ಸುತ್ತಿ ಮಾಡುವ ಕಾಳು. ಅದರಿಂದ ಇಳಿಯುವ, ಒಗರು ಕೊಡುವ ಟ್ಯಾನಿನ್ ಎಂಬ ಅಂಶವನ್ನು ಹಾಲಿನ ಪ್ರೋಟೀನು ಹಿಡಿದುಕೊಳ್ಳುವುದರಿಂದ, ಚೆನ್ನಾಗಿ ಕುದಿಸಿದರೂ ಒಗರು ಅಷ್ಟಾಗಿ ತಿಳಿಯುವುದಿಲ್ಲ. ಹಾಲು ಬೆರೆಸದ ಚಹಾಕ್ಕೆ ಆ ಆಸರೆಯಿಲ್ಲ. ಆದ್ದರಿಂದ ಇಡೀ ಎಲೆಯ ಚಹಾವನ್ನು ಒಲೆಯ ಮೇಲಿಡದೆ, ಕುದಿದ ನೀರಿನಲ್ಲಿ ನೆನೆಯಲು ಬಿಡಬೇಕು.

ಮೊದಲು ಪಿಂಗಾಣಿ ಪಾತ್ರೆಗೆ ಬಿಸಿನೀರು ಹಾಕಿ, ಅದು ಬೆಚ್ಚಗಾದ ಮೇಲೆ ಚೆಲ್ಲಿಬಿಡು. ತಣ್ಣನೆಯ ಪಾತ್ರೆ ನೀರಿನ ಕಾವನ್ನು ಹೀರಿಕೊಂಡರೆ ಎಲೆ ಸರಿಯಾಗಿ ಅರಳುವುದಿಲ್ಲ. ಇಬ್ಬರಿಗೆ 400 ಮಿಲಿಲೀಟರ್ ನೀರು, 5 ಗ್ರಾಂ ಎಲೆ ಸಾಕು. ಚಮಚದ ಅಳತೆಯನ್ನು ನಾನು ನಂಬುವುದಿಲ್ಲ. ಉದ್ದನೆಯ ಎಲೆ ಚಮಚದಲ್ಲಿ ಪೊಳ್ಳಾಗಿ ನಿಲ್ಲುವುದರಿಂದ ತೂಕ ತಪ್ಪುತ್ತದೆ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ನಮ್ಮ ಬೆಂಗಳೂರಿನಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಹಾಗಾಗಿ ಆರಲು ಬಿಡದೆ, ಮಳ್ಳುವಾಗಲೇ ಸುರಿದು ಮುಚ್ಚಳ ಹಾಕು.

ನಾಲ್ಕು ನಿಮಿಷಕ್ಕೆ ಎಲೆಯನ್ನು ಪೂರ್ತಿಯಾಗಿ ಸೋಸಿ ತೆಗೆ. ಇದೊಂದು ವಿಷಯದಲ್ಲಿ ನಾನು ಹಟಮಾರಿ. ಬಣ್ಣ ಮತ್ತು ಪರಿಮಳ ಬೇಗ ಇಳಿಯುತ್ತವೆ, ಒಗರು ಹೊತ್ತು ಕಳೆದಂತೆಲ್ಲ ಏರುತ್ತಲೇ ಹೋಗುತ್ತದೆ. ಗಟ್ಟಿ ಚಹಾ ಬೇಕೆನಿಸಿದರೆ ಎಲೆಯನ್ನು ಅರ್ಧ ಗ್ರಾಂ ಹೆಚ್ಚಿಸು, ಸಮಯವನ್ನು ಹೆಚ್ಚಿಸಬೇಡ. ಡಾರ್ಜಿಲಿಂಗಿನ ಮೊದಲ ಕೊಯ್ಲಿನ ಎಳೆಯ ಎಲೆ ಸಿಕ್ಕರೆ ಮಾತ್ರ ನೀರನ್ನು ಸ್ವಲ್ಪ ಆರಿಸಿ, ಮೂರೇ ನಿಮಿಷ ಇಡು.

ಇನ್ನು ಆರಿದ ಚಹಾದ ಮೇಲೆ ಕಟ್ಟಿತೆಂದು ನೀನು ಬರೆದ ಆ ತೆಳುವಾದ ಕೆನೆಯ ವಿಚಾರ. ಅದು ಎಲೆಯ ದೋಷವಲ್ಲ, ನಿಮ್ಮ ಬೋರ್‌ವೆಲ್ ನೀರಿನದು. ಗಡಸು ನೀರಿನ ಕ್ಯಾಲ್ಸಿಯಂ ಚಹಾದ ಸತ್ವದೊಡನೆ ಕೂಡಿ, ಗಾಳಿ ತಗುಲಿದೊಡನೆ ಹಾಗೆ ಪದರಗಟ್ಟುತ್ತದೆ, ಬಣ್ಣವೂ ಮಂಕಾಗುತ್ತದೆ. ಒಂದೆರಡು ಹನಿ ನಿಂಬೆರಸ ಹಿಂಡಿದರೆ ಪದರ ಕರಗೀತು, ಆದರೆ ನೀಲಗಿರಿಯ ನಯವಾದ ಪರಿಮಳ ನಿಂಬೆಯ ಕೆಳಗೆ ಅಡಗಿಹೋಗುತ್ತದೆ. ಅದಕ್ಕಿಂತ ಒಂದು ತಂಬಿಗೆ ಕಾವೇರಿ ನೀರನ್ನು ತರಿಸಿಕೊಂಡು, ಉಳಿದಿರುವ ಎಲೆಯಿಂದಲೇ ನಾಳೆ ಬೆಳಿಗ್ಗೆ ಇನ್ನೊಮ್ಮೆ ಮಾಡಿ ನೋಡು. ಬಟ್ಟಲಿನ ತಳ ಕಾಣುವಷ್ಟು ತಿಳಿಯಾಗಿತ್ತೇ ಎಂದು ನನಗೆ ಬರೆ.

ನಿನ್ನ ಗೆಳೆಯ