ಅವ್ವನ ಹುಳು ಮನೆ ಕಾಯ್ದವರಿಗೆ

ರೇಷ್ಮೆ ಹುಳು ಸಾಕುತ್ತಿದ್ದ ಅವ್ವನ ನೆನಪಿಗೆ ನಾನು ಮಾಡಿದ 'ಹುಳು ಮನೆ' ನೃತ್ಯದ ಮೊದಲ ಸುತ್ತಿನ ಪ್ರದರ್ಶನಗಳು ಮುಗಿದವು. ಬೆಂಗಳೂರಿನಲ್ಲಿ ಶುರುವಾಗಿ, ಮೈಸೂರಿಗೂ ಹೋಗಿ, ಕೊನೆಗೆ ರಾಮನಗರದ ಹತ್ತಿರದ ನಮ್ಮೂರಿನ ಶಾಲೆಯ ಅಂಗಳದಲ್ಲೂ ಆಯಿತು. ನೋಡಿದವರು ತುಂಬ ಜನ ಮೆಸೇಜ್ ಮಾಡಿ ನನ್ನನ್ನು ಹೊಗಳಿದ್ದಾರೆ. ಅದು ಯಾರು ಯಾರಿಗೆ ಸೇರಬೇಕೋ ಅವರಿಗೆ ತಲುಪಿಸೋಣ ಅಂತ ಇದನ್ನು ಬರೆಯುತ್ತಿದ್ದೇನೆ. ಹೆಸರು ಹಾಕಬೇಡ ಅಂತ ಊರಿನವರು ಹೇಳಿದ್ದಾರೆ. ಓದಿದರೆ ಅವರಿಗೇ ಗೊತ್ತಾಗುತ್ತದೆ.

ಅವ್ವ ಹೋಗಿದ್ದು 2021ರ ಮೇ ತಿಂಗಳಲ್ಲಿ, ಕೋವಿಡ್ ಎರಡನೇ ಅಲೆಯಲ್ಲಿ. ಅವಳನ್ನು ಆಸ್ಪತ್ರೆಗೆ ಸೇರಿಸಿದಾಗ ಹುಳುಗಳು ನಾಲ್ಕನೇ ಜ್ವರ ಎದ್ದಿದ್ದವು. ರೇಷ್ಮೆ ಮಾಡುವವರಿಗೆ ಇಷ್ಟು ಹೇಳಿದರೆ ಸಾಕು. ಉಳಿದವರಿಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೊಟ್ಟೆ ಒಡೆದ ಮೇಲೆ ಹುಳು ಗೂಡು ಕಟ್ಟೋಕೆ ಸುಮಾರು 25ರಿಂದ 28 ದಿನ ಬೇಕು. ಅಷ್ಟರಲ್ಲಿ ನಾಲ್ಕು ಸಲ ಅದು ತಿನ್ನೋದು ಬಿಟ್ಟು, ತಲೆ ಎತ್ತಿ, ಅಲುಗಾಡದೆ ಇದ್ದು ಚರ್ಮ ಕಳಚುತ್ತದೆ. ಅದೇ ಜ್ವರ. ನಾಲ್ಕನೆಯದು ಎದ್ದ ಮೇಲೆ ನೋಡಬೇಕು ಅದರ ಹಸಿವು. ಇಡೀ ಬೆಳೆಗೆ ಬೇಕಾದ ಹಿಪ್ಪುನೇರಳೆ ಸೊಪ್ಪಿನಲ್ಲಿ ಶೇ. 80ಕ್ಕೂ ಜಾಸ್ತಿ ಆ ಕೊನೆಯ ಒಂದು ವಾರಕ್ಕೇ ಹೋಗುತ್ತದೆ. ಆಗ ಮನೆಯವರು ಮದುವೆಗೂ ಹೋಗಲ್ಲ, ಜಾತ್ರೆಗೂ ಹೋಗಲ್ಲ.

ಅಪ್ಪನಿಗೂ ಪಾಸಿಟಿವ್ ಬಂದಿತ್ತು. ನಾನು ಆಸ್ಪತ್ರೆಯ ಗೇಟಿನ ಹೊರಗೆ ಇದ್ದೆ. ಆಗ ನಮ್ಮ ಹುಳು ಮನೆಗೆ ಹೋದವರು ಪಕ್ಕದ ತೋಟದವರು. ಮುಖಕ್ಕೆ ಟವೆಲ್ ಕಟ್ಟಿಕೊಂಡು ಹಿತ್ತಲಿನಿಂದ ಬಂದು, ಕೈ ತೊಳೆದುಕೊಂಡು ಒಳಗೆ ಹೋಗಿ ಹೊತ್ತು ಹೊತ್ತಿಗೆ ಸೊಪ್ಪು ಹಾಕಿದರು. ನಮ್ಮ ತೋಟದ ಸೊಪ್ಪು ಸಾಲದೆ ತಮ್ಮ ತೋಟದ್ದನ್ನೂ ಕುಯ್ದು ತಂದರು. ಅವ್ವನ ಮಣ್ಣು ಮುಗಿದ ಮಾರನೇ ದಿನ ಹುಳು ಹಣ್ಣಾದವು, ಅಂದರೆ ಗೂಡು ಕಟ್ಟೋಕೆ ತಯಾರಾದವು. ಅವರೇ ಆರಿಸಿ ಚಂದ್ರಿಕೆಗೆ (ಹುಳು ಗೂಡು ಕಟ್ಟುವ ಬಿದಿರಿನ ತಟ್ಟೆ) ಬಿಟ್ಟರು, ಅವರೇ ಗೂಡು ಬಿಡಿಸಿ ಮಾರ್ಕೆಟ್ಟಿಗೆ ಹಾಕಿ ಬಂದರು. ದುಡ್ಡನ್ನು ಒಂದು ಚೀಟಿ ಜೊತೆ ಅಪ್ಪನ ಕೈಗೆ ಕೊಟ್ಟರು. ನೋಟ್‌ಬುಕ್ಕಿನಿಂದ ಹರಿದ ಹಾಳೆ ಅದು. ಗೂಡಿನ ತೂಕ, ಸಿಕ್ಕ ದರ, ಗಾಡಿ ಬಾಡಿಗೆ, ಎಲ್ಲ ನೀಲಿ ಪೆನ್ನಿನಲ್ಲಿ ಬರೆದಿತ್ತು. 'ಕೂಲಿ' ಅಂತ ಬರೆದ ಕಡೆ ಮುಂದೆ ಬರೀ ಒಂದು ಗೀಟು.

ಪಕ್ಕದ ತೋಟದ ಅಣ್ಣ, ಅತ್ತಿಗೆ, ನಿಮಗೆ ಮೊದಲ ಥ್ಯಾಂಕ್ಸ್. ಆ ಚೀಟಿ ಓದಿದ ದಿನವೇ ಇದರ ಬಗ್ಗೆ ಏನಾದರೂ ಮಾಡಬೇಕು ಅಂತ ನನಗೆ ಅನ್ನಿಸಿದ್ದು.

ಮಾಡೋದು ಹೇಗೆ ಅನ್ನೋದಕ್ಕೆ ದಾರಿ ತೋರಿಸಿದವರು ನನ್ನ ಟೀಚರ್. ಅವರು ಹೇಳಿದ್ದು ಎರಡೇ ಮಾತು: "ಅಳೋದನ್ನ ಕುಣೀಬೇಡ. ನಿಮ್ಮಮ್ಮ ದಿನಾ ಏನು ಕೆಲಸ ಮಾಡ್ತಿದ್ರು, ಅದನ್ನ ಮಾಡು." ಸಮಕಾಲೀನ ನೃತ್ಯದಲ್ಲಿ ಇದಕ್ಕೆ ಅವಕಾಶ ಇದೆ. ಇಂಥ ಮುದ್ರೆಯೇ ಇರಬೇಕು, ಇಂಥ ಕಥೆಯೇ ಹೇಳಬೇಕು ಅಂತ ಇಲ್ಲ. ಸೊಪ್ಪು ಹಾಕುವ ತೋಳು, ತಟ್ಟೆ ಎತ್ತಲು ಬಗ್ಗುವ ಸೊಂಟ, ಇವೇ ಸಾಕು. ಅಮೆರಿಕದ ನೃತ್ಯಗಾರ್ತಿ ಮಾರ್ಥಾ ಗ್ರಹಾಂ 1930ರಲ್ಲಿ ನ್ಯೂಯಾರ್ಕಿನಲ್ಲಿ ಮಾಡಿದ 'ಲ್ಯಾಮೆಂಟೇಶನ್' (ಗೋಳು) ಅನ್ನೋ ನೃತ್ಯವನ್ನು ಟೀಚರ್ ಆ ದಿನಗಳಲ್ಲೇ ನನಗೆ ತೋರಿಸಿದ್ದು. ಒಂದು ಬೆಂಚು. ಅದರ ಮೇಲೆ ಹಿಗ್ಗುವ ಬಟ್ಟೆಯ ಕೊಳವೆಯೊಳಗೆ ಒಬ್ಬ ಹೆಂಗಸು. ಕಾಣೋದು ಮುಖ, ಕೈ, ಪಾದ ಅಷ್ಟೇ. ಯಾರು ಸತ್ತರು, ಹೇಗೆ ಸತ್ತರು, ಒಂದೂ ಹೇಳಲ್ಲ. ಬಟ್ಟೆ ಎಳೆದಾಡೋದರಲ್ಲೇ ಎಲ್ಲ ಇದೆ. ಅದನ್ನು ನೋಡಿದ ಮೇಲೆ ನನಗೆ ಧೈರ್ಯ ಬಂತು.

ಆದರೆ ಅವ್ವನ ಕೆಲಸ ನನ್ನ ಕೈಗೆ ಬರಬೇಕಲ್ವಾ? ನಾನು ಹೈಸ್ಕೂಲಿಗೇ ಹಾಸ್ಟೆಲ್ ಸೇರಿದವಳು. ಕಲಿಸಿದ್ದು ದೊಡ್ಡಮ್ಮ. ಹಣ್ಣಾದ ಹುಳು ತಿನ್ನೋದು ಬಿಡುತ್ತದೆ, ಮೈ ಸ್ವಲ್ಪ ಕುಗ್ಗುತ್ತದೆ, ಬೆಳಕಿಗೆ ಹಿಡಿದರೆ ಹಳದಿಯಾಗಿ ಒಳಗಡೆಯೇ ಕಾಣುವಷ್ಟು ತಿಳಿಯಾಗಿರುತ್ತದೆ. ಅದನ್ನು ಮೂರು ಬೆರಳಲ್ಲಿ ಎತ್ತಬೇಕು, ಒತ್ತಬಾರದು. ಎತ್ತಿದ್ದನ್ನು ಅದೇ ಅಂಗೈಗೆ ಜಾರಿಸಿ ಮುಂದಿನದಕ್ಕೆ ಹೋಗಬೇಕು. ಅಂಗೈ ತುಂಬಿದಾಗ ಮಣಿಕಟ್ಟು ತಿರುಗಿಸುತ್ತಾ ಬೆರಳು ಬಿಡಿಸಿದರೆ ಹುಳುಗಳು ಚಂದ್ರಿಕೆಯ ಮೇಲೆ ಒಂದರ ಮೇಲೊಂದು ಬೀಳದೆ ಹರಡಿಕೊಳ್ಳುತ್ತವೆ. ತಡ ಮಾಡುವಂತಿಲ್ಲ. ಹುಳು ಕಾಯಲ್ಲ, ಸಿಕ್ಕಲ್ಲೇ ನೂಲು ಬಿಟ್ಟು ಹಾಳು ಮಾಡಿಬಿಡುತ್ತದೆ. ಈ ಇಷ್ಟು ಕೆಲಸವೇ ನಮ್ಮ ನೃತ್ಯದ ಮೊದಲ ಭಾಗ.

ದೊಡ್ಡಮ್ಮ ಬಸ್ಸು ಹತ್ತಿ ಬೆಂಗಳೂರಿಗೆ ಬಂದು ರಿಹರ್ಸಲ್ ರೂಮಿನಲ್ಲಿ ಕೂತರು. ನನ್ನ ಜೊತೆಯ ಮೂವರು ಕಲಾವಿದರಲ್ಲಿ ಯಾರೂ ರೇಷ್ಮೆ ಹುಳು ಮುಟ್ಟಿದವರಲ್ಲ. "ಅಂಗ್ ಹಿಸುಕ್ಬ್ಯಾಡ ಕಣವ್ವ, ಸತ್ತೋಯ್ತದೆ" ಅಂತ ಬರೀ ಗಾಳಿ ಹಿಡಿದಿದ್ದ ಕೈಗಳನ್ನು ತಿದ್ದಿದರು. ಅವತ್ತಿನಿಂದ ಆ ಕೈಗಳು ಬೇರೆಯೇ ಆದವು. ದೊಡ್ಡಮ್ಮ, ಪೋಸ್ಟರಿನಲ್ಲಿ ನೃತ್ಯ ಸಂಯೋಜನೆ ಅಂತ ನನ್ನ ಹೆಸರಿನ ಪಕ್ಕ ನಿಮ್ಮ ಹೆಸರೂ ಇದೆ. ನೀವು ಬೇಡ ಅಂದರೂ ಅದನ್ನು ತೆಗೆಯಲ್ಲ.

ಎರಡನೇ ಭಾಗದ ಬಗ್ಗೆ ತುಂಬ ಜನ ಕೇಳಿದ್ದಾರೆ. ಗೂಡು ಕಟ್ಟುವಾಗ ಹುಳು ತಲೆಯನ್ನು ಇಂಗ್ಲಿಷ್ 8ರ ಆಕಾರದಲ್ಲಿ ಆಡಿಸುತ್ತಾ ಎರಡು ಮೂರು ದಿನ ಬಿಡದೆ ಎಳೆ ಸುತ್ತುತ್ತದೆ. ಒಳ್ಳೆಯ ಬೈವೋಲ್ಟೀನ್ ತಳಿಯ ಗೂಡಿನ ಒಂದೇ ಎಳೆ ಒಂದು ಕಿಲೋಮೀಟರ್ ಆಸುಪಾಸು ಬರುತ್ತದೆ. ನಮ್ಮ ಕಲಾವಿದರು ಪಾದ ಕದಲಿಸದೆ, ತಲೆ ಮತ್ತು ಬೆನ್ನಿನಲ್ಲೇ ಆ ಎಂಟು ಬರೆಯುತ್ತಾರೆ. ಕತ್ತು ಹಿಡಿದುಕೊಳ್ಳುತ್ತಿತ್ತು, ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಆದರೂ ಇದನ್ನು ಚಿಕ್ಕದು ಮಾಡೋಣ ಅಂತ ಮೂವರಲ್ಲಿ ಒಬ್ಬರೂ ಕೇಳಲಿಲ್ಲ. ಅವರವರ ಮನೆಯಲ್ಲೂ ಹೋದವರಿದ್ದಾರೆ. ಅವರನ್ನೂ ನೆನೆಸಿಕೊಂಡೇ ಕುಣಿದರು.

ಕೊನೆಯಲ್ಲಿ ಚಿಟ್ಟೆ ಹೊರಗೆ ಬರಲಿ, ನೋಡುವವರಿಗೆ ಸಮಾಧಾನ ಆಗುತ್ತದೆ ಅಂತ ಕೆಲವರು ಪ್ರೀತಿಯಿಂದಲೇ ಸಲಹೆ ಕೊಟ್ಟರು. ನಾನು ಒಪ್ಪಲಿಲ್ಲ. ನೂಲು ತೆಗೆಯುವ ಗೂಡಿನಿಂದ ಚಿಟ್ಟೆ ಹೊರಗೆ ಬರಲ್ಲ. ಬಂದರೆ ಗೂಡು ತೂತಾಗಿ ಎಳೆ ತುಂಡಾಗುತ್ತದೆ, ನೂಲು ತೆಗೆಯುವ ರೀಲರ್‌ಗೆ ಉಪಯೋಗಕ್ಕೆ ಬರಲ್ಲ. ಅದಕ್ಕೇ ಮೊದಲೇ ಬಿಸಿಗೆ ಒಡ್ಡಿ ಒಳಗಿನ ಹುಳುವನ್ನು ಸಾಯಿಸುತ್ತಾರೆ. ಅವ್ವ ಇದನ್ನು ಬಲ್ಲವಳು. ಅವಳ ಹೆಸರಿನಲ್ಲಿ ಸುಳ್ಳು ಸಮಾಧಾನ ತೋರಿಸೋಕೆ ನನಗೆ ಮನಸ್ಸು ಬರಲಿಲ್ಲ. ಹೀಗಾಗಿ ಕೊನೆಯಲ್ಲಿ ಒಬ್ಬಳು ಹಾಗೇ ಉಳಿಯುತ್ತಾಳೆ, ಉಳಿದವರು ಎಳೆ ತೆಗೆಯುತ್ತಾ ಹೋಗುತ್ತಾರೆ. ಈ ನಿರ್ಧಾರಕ್ಕೆ ಜೊತೆ ನಿಂತ ಟೀಚರ್‌ಗೆ, ಗೆಳೆಯರಿಗೆ ನಾನು ಋಣಿ.

ಹುಳು ಸೊಪ್ಪು ಮೇಯುವ ಸದ್ದನ್ನು ರೆಕಾರ್ಡ್ ಮಾಡಲು ರಾತ್ರಿಯಿಡೀ ಹುಳು ಮನೆಯಲ್ಲಿ ಕೂತ ಗೆಳೆಯನಿಗೂ ಥ್ಯಾಂಕ್ಸ್. ಸಣ್ಣ ಮಳೆ ಹೆಂಚಿನ ಮೇಲೆ ಬಿದ್ದ ಹಾಗಿರುವ ಆ ಸದ್ದಿಗೆ ಅವನು ಬೇರೆ ಸಂಗೀತ ಏನೂ ಸೇರಿಸಲಿಲ್ಲ. ಬೆಳಕು ಮಾಡಿದವಳು ಚಂದ್ರಿಕೆಗಳನ್ನು ತೂಗುಹಾಕಿ ಹಿಂದಿನಿಂದ ಒಂದೇ ಲೈಟು ಬಿಟ್ಟಳು. ಬಿದಿರಿನ ಸುರುಳಿಗಳ ನೆರಳು ನಮ್ಮ ಮೈ ಮೇಲೆಲ್ಲ ಬಿತ್ತು. ಅವು ಅವ್ವನವೇ ಚಂದ್ರಿಕೆಗಳು. ಅವಳು ಹೋದ ಮೇಲೆ ಅಪ್ಪ ಹುಳು ಸಾಕಿಲ್ಲ. ನಾನು ಕೇಳಿದಾಗ ಅಟ್ಟದಿಂದ ಇಳಿಸಿ, ಬ್ಲೀಚಿಂಗ್ ಪೌಡರ್ ನೀರಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ, ಮುರಿದ ಕಡೆ ದಾರ ಕಟ್ಟಿ ಗಾಡಿಗೆ ಹಾಕಿದ. ಹೊಸ ಬೆಳೆಗೆ ತಯಾರು ಮಾಡುವಾಗ ಹೇಗೆ ಮಾಡುತ್ತಿದ್ದನೋ ಥೇಟ್ ಹಾಗೇ.

ನಮಗಿಂತ ಮೊದಲು ಬೆಂಗಳೂರಿನಲ್ಲಿ ಸಮಕಾಲೀನ ನೃತ್ಯಕ್ಕೆ ಜಾಗ ಮಾಡಿಕೊಟ್ಟವರನ್ನು ಮರೆಯೋಕಾಗಲ್ಲ. ನೃತ್ಯ ಸಂಯೋಜನೆಯನ್ನೇ ಒಂದು ಓದಾಗಿ ಕಲಿಸಿದ ಕಥಕ್ ಗುರು ಮಾಯಾ ರಾವ್, 1992ರಲ್ಲಿ ಶುರುವಾದ ಅಟ್ಟಕ್ಕಲರಿ ನೃತ್ಯ ಸಂಸ್ಥೆ, 1995ರಲ್ಲಿ ಮಧು ನಟರಾಜ್ ಕಟ್ಟಿದ ಸ್ಟೆಮ್ ಡ್ಯಾನ್ಸ್ ಕಂಪ್ನಿ, 2000ದಲ್ಲಿ ಬಂದ ನೃತರುತ್ಯ ತಂಡ. ಇವರೆಲ್ಲ ಇರದಿದ್ದರೆ ಹಳ್ಳಿ ಹುಡುಗಿ ಇದನ್ನು ಕಲಿಯೋಕೆ ಎಲ್ಲಿಗೆ ಹೋಗಬೇಕಿತ್ತು? ರಿಹರ್ಸಲ್‌ಗೆ ಅರ್ಧ ಬಾಡಿಗೆಗೆ ರೂಮು ಕೊಟ್ಟವರಿಗೆ, ಟಿಕೆಟ್ ದುಡ್ಡಿಗಿಂತ ಜಾಸ್ತಿ ಹಾಕಿ ಹೆಸರು ಹೇಳದೆ ಹೋದವರಿಗೆ ಕೂಡ ನಮಸ್ಕಾರ.

ಶಾಲೆ ಅಂಗಳದ ರಾತ್ರಿ ಬಗ್ಗೆ ಹೇಳಲೇಬೇಕು. ಅವ್ವನ ಹಾಲು-ತುಪ್ಪಕ್ಕೂ ತಿಥಿಗೂ ಬೆರಳೆಣಿಕೆಯ ಜನ ಬಂದಿದ್ದರು. ಬರೋಕೆ ಬಿಟ್ಟಿರಲಿಲ್ಲ. ಪ್ರದರ್ಶನ ಮುಗಿದಾಗ ಹೆಂಗಸರು ಎದ್ದು ಹೋಗಲಿಲ್ಲ, ಅಲ್ಲೇ ಕೂತು ಜೋರಾಗಿ ಅತ್ತರು. "ಅವತ್ತು ಅಳಕ್ಕೂ ಬುಡ್ನಿಲ್ವಲ್ಲ" ಅಂದರು ಒಬ್ಬ ಅಜ್ಜಿ. ಆಮೇಲೆ ಅವ್ವನ ಬಗ್ಗೆ ಒಬ್ಬೊಬ್ಬರೂ ಮಾತಾಡಿದರು. ಅವಳು ಚೀಟಿ ಹಣ ಎತ್ತಿ ಯಾರ ಮಗಳ ಮದುವೆಗೆ ಕೊಟ್ಟಿದ್ದಳು ಅನ್ನೋದು ನನಗೆ ಗೊತ್ತಾಗಿದ್ದು ಆಗಲೇ. ಊರಿನವರೇ ಮುದ್ದೆ, ಅವರೆಕಾಳು ಸಾರು ಮಾಡಿ ಎಲ್ಲರಿಗೂ ಬಡಿಸಿದರು. ಇದನ್ನು ಮಾಡಿ ನೋವು ಕಡಿಮೆ ಆಯ್ತಾ ಅಂತ ಕೇಳುತ್ತೀರಿ. ಆಗಿಲ್ಲ. ಆದರೆ ಈಗ ಊರಿಗೆ ಹೋದರೆ ಅವ್ವನ ಮಾತು ತೆಗೆಯೋಕೆ ಯಾರೂ ಹಿಂಜರಿಯಲ್ಲ. ನನಗೆ ಇದು ದೊಡ್ಡದು.

ಮುಂದಿನ ಪ್ರದರ್ಶನ ಯಾವಾಗ ಅಂತ ಕೇಳುತ್ತಿರುವವರಿಗೆ ಒಂದು ಮಾತು. ಪಕ್ಕದ ತೋಟದ ಅಣ್ಣ ಈ ಸಲ ಇನ್ನೂರು ಮೊಟ್ಟೆ ಚಾಕಿ, ಅಂದರೆ ಇನ್ನೂರು ಚಿಟ್ಟೆ ಇಟ್ಟ ಮೊಟ್ಟೆಗಳಿಂದ ಬಂದ ಮರಿ ಹುಳು, ತಂದಿದ್ದಾರೆ. ಹುಳು ಹಣ್ಣಾಗುವ ದಿನಕ್ಕೆ ನಾವು ನಾಲ್ಕೂ ಜನ ಮುಯ್ಯಾಳಾಗಿ, ಅಂದರೆ ಅವರು ಮಾಡಿದ ಕೆಲಸಕ್ಕೆ ಬದಲು ಕೆಲಸ ಮಾಡೋಕೆ, ಹೋಗುತ್ತಿದ್ದೇವೆ. ಅಣ್ಣ, ಬೇರೆ ಕೂಲಿಯವರಿಗೆ ಹೇಳಬೇಡಿ. ಸಭಾಂಗಣದವರು ದಯವಿಟ್ಟು ಆ ವಾರ ಬಿಟ್ಟು ಬೇರೆ ಯಾವ ತಾರೀಖು ಕೊಟ್ಟರೂ ಬರುತ್ತೇವೆ.